ಸುಡುಮಣ್ಣಿನ ಹೊಗೆ

ಅರೆಯುವ ಕಲ್ಲಿನಲ್ಲಿ ನೀರುದೋಸೆಯ ಹಿಟ್ಟು ಇನ್ನೇನು ನುಣ್ಣಗಾಗಬೇಕು ಎನ್ನುವಾಗ ಹಿತ್ತಿಲಿನಿಂದ ಧರ್ಣಪ್ಪನ ದನಿ ಕೇಳಿತು.

"ದೇಯಿಯಕ್ಕ, ಎರಡು ತೆಂಗಿನ ಗೆರಟೆ ಬೇಕಿತ್ತು. ಎಣ್ಣೆಜಿಡ್ಡು ಇಲ್ಲದ್ದು, ಚೆನ್ನಾಗಿ ಉಜ್ಜಿದ್ದು."

ದೇಯಿ ಹಿಟ್ಟಿನ ಕೈಯಲ್ಲೇ ಗೆರಟೆ ಹಿಡಿದುಕೊಂಡು ಬಂದಳು. ಕೊಟ್ಟಿಗೆಯ ಹಿಂದೆ, ದಾರಿಗೆ ಕಾಣದ ಹಾಗೆ, ಮೂವರು ಚಾಪೆ ಹಾಸಿ ಕೂತಿದ್ದರು. ಅವಳ ಗಂಡ ರುಕ್ಮಯ್ಯ, ಲಾಯಿಲದಿಂದ ಮೊದಲ ಬಸ್ಸಿಗೆ ಬಂದಿಳಿದ ಧರ್ಣಪ್ಪ, ಬೊಂಬಾಯಿಯ ಹಡಗಿನಲ್ಲಿ ಖಲಾಸಿಯಾಗಿದ್ದು ಮೊನ್ನೆಯಷ್ಟೇ ಊರು ನರಿಕೊಂಬಿಗೆ ಮರಳಿದ ಜತ್ತಪ್ಪ. ಜತ್ತಪ್ಪನ ಮಡಿಲಲ್ಲಿ ಮೈ ಒರೆಸುವ ಬೈರಾಸಿನಲ್ಲಿ ಸುತ್ತಿದ ಒಂದು ಸೀಸೆ ಇತ್ತು.

ಪಾನನಿಷೇಧ ಬಂದು ಹತ್ತು ವರ್ಷವಾಗಿತ್ತು. ಆದರೆ ಅವಳು ಹೆದರಿದ್ದು ಪೊಲೀಸರಿಗಲ್ಲ. ಎರಡು ವರ್ಷದ ಹಿಂದೆ ಮಗಳು ರೇವತಿ ಹದಿನೆಂಟು ದಿನ ಜ್ವರದಲ್ಲಿ ಕಣ್ಣು ಬಿಡದೆ ಮಲಗಿದ್ದಳು. ಮಗು ಎದ್ದು ಕೂತರೆ ಅಮಲಿನದ್ದು ಒಂದು ಹನಿಯನ್ನೂ ಇನ್ನು ನಾಲಿಗೆಗೆ ಮುಟ್ಟಿಸುವುದಿಲ್ಲವೆಂದು ರುಕ್ಮಯ್ಯ ಧರ್ಮಸ್ಥಳಕ್ಕೆ ನಡೆದುಹೋಗಿ ಆಣೆ ಮಾಡಿ ಬಂದಿದ್ದ. ಮಗು ಎದ್ದು ಕೂತಿತು. ಈಗ ಏಳು ವರ್ಷದ ಅದೇ ಮಗು ಅಪ್ಪನ ಬೆನ್ನಿಗೆ ಜೋತುಬಿದ್ದು ಸೀಸೆಯನ್ನೇ ನೋಡುತ್ತಿತ್ತು.

"ಹೆದರಬೇಡಿ ಅಕ್ಕ, ಕುಡಿಸಲಿಕ್ಕಲ್ಲ," ಎಂದ ಜತ್ತಪ್ಪ. "ಒಂದು ನ್ಯಾಯ ತೀರ್ಮಾನ ಆಗ್ಬೇಕು. ಇದು ಸ್ಕಾಟ್ಲೆಂಡಿನ ವಿಸ್ಕಿ. ಹಡಗಿನ ದೊಡ್ಡ ಸಾಹೇಬ ಬೀಳ್ಕೊಡುವಾಗ ಕೈಯಾರೆ ಕೊಟ್ಟದ್ದು. ಇವನು ನಂಬುದಿಲ್ಲ."

"ಹೇಗೆ ನಂಬುದು ಮಾರಾಯ? ಒಂದು ಗುಟುಕಿಗೇ ಗೊತ್ತಾಯ್ತು. ಬರೀ ಹೊಗೆ!" ಧರ್ಣಪ್ಪ ಮುಖ ಸಿಂಡರಿಸಿದ. "ಕಳ್ಳಭಟ್ಟಿಯವರು ಪೊಲೀಸು ಬಂತೆಂದು ಒಲೆ ಬಿಟ್ಟು ಓಡಿದರೆ ಮಡಕೆಯ ತಳ ಹತ್ತಿ ಹೀಗೇ ಆಗುದು. ನಿನ್ನ ಸಾಹೇಬ ನಿನಗೆ ಟೊಪ್ಪಿ ಹಾಕಿದ. ಬೇಕಾದರೆ ನೋಡು, ತಳ ಹತ್ತಿದ ನಮ್ಮೂರಿನದ್ದನ್ನೂ ತಂದಿದ್ದೇನೆ. ಕಣ್ಣು ಕಟ್ಟಿದರೆ ಎರಡೂ ಒಂದೇ!"

ನ್ಯಾಯ ಹೇಳಲು ರುಕ್ಮಯ್ಯನಿಗಿಂತ ಬೇರೆ ಜನ ಬೇಕಿರಲಿಲ್ಲ. ಈಗ ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರೂ, ಕಳ್ಳು ಇಳಿಸುತ್ತಿದ್ದ ಕಾಲದಲ್ಲಿ ಬರಿದೇ ಮೂಸಿ ಇದು ಯಾವ ಮರದ್ದು ಎಂದು ಹೇಳುತ್ತಿದ್ದವನು ಅವನು.

"ಮೂಸುದು ಮಾತ್ರ," ರುಕ್ಮಯ್ಯ ಹೆಂಡತಿಯ ಕಡೆ ನೋಡದೆ ಹೇಳಿದ. "ಆಣೆ ಇರುದು ನಾಲಿಗೆಗೆ. ಮೂಗಿಗೆ ಇಲ್ಲವಲ್ಲ."

ದೇಯಿ ಗೆರಟೆಗಳನ್ನು ಚಾಪೆಯ ಮೇಲಿಟ್ಟಳು. "ಮೂಸಿ ಬೇಗ ಏಳಿ. ದೋಸೆ ಆಗ್ತದೆ," ಎಂದಳು ಅಷ್ಟೆ.

ರೇವತಿ ಅಪ್ಪನ ಕಣ್ಣಿಗೆ ಬೈರಾಸು ಕಟ್ಟಿದಳು. ಜತ್ತಪ್ಪ ಎರಡು ಗೆರಟೆಗೂ ಹೊಯ್ದು, ಅದಲುಬದಲು ಮಾಡಿ, ಒಂದನ್ನು ಅವನ ಕೈಗಿಟ್ಟ. ರುಕ್ಮಯ್ಯ ಮೂಗಿನ ಹತ್ತಿರ ತಂದವನೇ ಕೆಳಗಿಟ್ಟ. "ಬೆಲ್ಲದ್ದು. ತಳ ಹತ್ತಿದೆ. ಬೇಯಿಸಿದವನಿಗೆ ಪುರುಸೊತ್ತಿಲ್ಲ."

ಧರ್ಣಪ್ಪನೇ ಮೊದಲು ನಕ್ಕುಬಿಟ್ಟ.

ಎರಡನೆಯ ಗೆರಟೆ ಮೂಗಿನ ಬಳಿಯೇ ನಿಂತಿತು. ರುಕ್ಮಯ್ಯ ಮೂಸಿದ, ಮುಖ ತಿರುಗಿಸಿ ಉಸಿರು ಬಿಟ್ಟ, ಮತ್ತೆ ಮೂಸಿದ. ಆ ವಾಸನೆ ದೇಯಿಯವರೆಗೂ ಬಂತು. ಹೊಗೆಯೇ, ಆದರೆ ಒಲೆಯದ್ದಲ್ಲ, ಬಚ್ಚಲಿನದ್ದೂ ಅಲ್ಲ. ಎಲ್ಲಿಯದ್ದು? ತನಗರಿಯದೆ ಅವಳೂ ಒಂದು ಹೆಜ್ಜೆ ಮುಂದೆ ಬಂದಿದ್ದಳು.

"ಸುಡುಮಣ್ಣು," ಎಂದ ರುಕ್ಮಯ್ಯ.

ಹೌದು! ಗೊಬ್ಬರಕ್ಕೆಂದು ತರಗೆಲೆಯ ರಾಶಿಗೆ ಮಣ್ಣು ಮುಚ್ಚಿ ಬೆಂಕಿಯಿಟ್ಟರೆ ಮೂರು ದಿನ ಒಳಗೊಳಗೇ ಉರಿದು ಬರುವ ಹೊಗೆ.

"ಮಣ್ಣು ಸುಟ್ಟು ಸಾರಾಯಿ ಮಾಡುವವರು ಯಾರು ಮಾರಾಯ!" ಎಂದು ಧರ್ಣಪ್ಪ ತೊಡೆ ತಟ್ಟಿದ. ಜತ್ತಪ್ಪ ಮಾತ್ರ ನಗಲಿಲ್ಲ. ಬಾಯಿ ತೆರೆದುಕೊಂಡೇ ಇದ್ದ.

"ಸಾಹೇಬ ಹೇಳಿದ್ದು ಅದನ್ನೇ. ಅವರ ದ್ವೀಪದಲ್ಲಿ ಸೌದೆ ಇಲ್ಲವಂತೆ. ಜೌಗಿನ ಮಣ್ಣನ್ನೇ ಕಡಿದು, ಒಣಗಿಸಿ, ಒಲೆಗಿಡ್ತಾರಂತೆ. ಅದರ ಹೊಗೆಯಲ್ಲೇ ಧಾನ್ಯ ಒಣಗಿಸುದಂತೆ. ನೀನು ನಗಾಡ್ತಿ ಅಂತ ನಾನು ಹೇಳ್ಲಿಲ್ಲ." ಅವನು ಚಾಪೆಯ ಮೇಲೆ ಮುಂದೆ ಸರಿದ. "ಇನ್ನೆಂಥ ಉಂಟು ಅದರಲ್ಲಿ, ರುಕ್ಮಯ್ಯಣ್ಣ?"

ಅಷ್ಟರಲ್ಲಿ ಒಳಗೆ ಗಂಜಿ ಉಕ್ಕಿ ಒಲೆ ಚುಯ್ಯೆಂದಿತು. ದೇಯಿ ಓಡಿದಳು. ಮುಚ್ಚಳ ತೆಗೆದು, ಕೊಳ್ಳಿ ಹಿಂದಕ್ಕೆಳೆದು ಬರಲು ಎಷ್ಟು ಹೊತ್ತು? ಬಂದಾಗ ಗಂಡನ ಕಣ್ಣು ಕಟ್ಟಿದಂತೆಯೇ ಇತ್ತು, ಗೆರಟೆ ಕೈಯಲ್ಲೇ ಇತ್ತು. ಗೆಳೆಯರಿಬ್ಬರೂ ಕೊಟ್ಟಿಗೆಯ ದನವನ್ನು ಹೊಸದಾಗಿ ಕಂಡವರಂತೆ ನೋಡುತ್ತಿದ್ದರು.

"ಮೊದಲು ಹೊಗೆ," ರುಕ್ಮಯ್ಯ ತನ್ನಷ್ಟಕ್ಕೆ ಎಂಬಂತೆ ನಿಧಾನವಾಗಿ ಹೇಳುತ್ತಿದ್ದ. "ಆಮೇಲೆ ಒಂಚೂರು ಉಪ್ಪು, ಕಡಲ ಬದಿಯದ್ದು. ಎಲ್ಲ ಹೋದ ಮೇಲೆ ಕಡೆಗೊಂದು ಸಿಹಿ ಉಂಟು. ಅದು ತುಂಬ ಹೊತ್ತು ಇರ್ತದೆ."

ಜತ್ತಪ್ಪ ಸೀಸೆಗೆ ಬಿರಡೆ ಹಾಕಿದ. ಧರ್ಣಪ್ಪನಿಗೆ ಬಸ್ಸಿನ ನೆನಪಾಯಿತು. ದೇಯಿ ಗಂಡನ ಕೈಯ ಗೆರಟೆಯೊಳಗೆ ಇಣುಕಿದಳು. ಕೇಳಿದರೆ ಗೆಳೆಯರ ಎದುರು ಅವನ ಮಾನ ಹೋಗುತ್ತದೆ. ಕೇಳದಿದ್ದರೆ? ಹಿಟ್ಟು ಒಣಗಿದ ಕೈಯನ್ನು ಮೆಲ್ಲಗೆ ಮಗಳ ಹಣೆಯ ಮೇಲಿಟ್ಟು ನೋಡಿದಳು. ತಣ್ಣಗಿತ್ತು.

ರೇವತಿ ಆ ಕೈಯ ಕೆಳಗಿನಿಂದ ನುಸುಳಿ, ಅಪ್ಪನ ಕಣ್ಣಿನ ಕಟ್ಟು ಬಿಚ್ಚಿ, ಅವನ ಮುಖವನ್ನೇ ದಿಟ್ಟಿಸಿದಳು.

"ಅಪ್ಪ," ಎಂದಳು, "ಸಿಹಿ ಮೂಗಿಗೂ ಗೊತ್ತಾಗ್ತದಾ?"