ತಣ್ಣನೆಯ ಲೋಟ

ತ್ರೀಡಿ ಪ್ರಿಂಟರಿನಿಂದ ಬಂದ ವಸ್ತು, ಅದನ್ನು ವಿನ್ಯಾಸ ಮಾಡಿದವರ ಕೈಯಲ್ಲಿ ಮಾತ್ರ ಬಿಸಿಯಾಗುತ್ತದೆ. ಹಾಗಾಗಿ ನಮ್ಮ ಪಾಲಿಟೆಕ್ನಿಕ್ಕಿನ ಪ್ರಾಜೆಕ್ಟ್ ಪರೀಕ್ಷೆಯನ್ನು ಈ ವರ್ಷ ಥರ್ಮಾಮೀಟರ್ ಹಿಡಿದೇ ಮಾಡೋಣ ಅಂದವಳು ನಾನೇ.

ಸಾಲಿನಲ್ಲಿ ಮೊದಲು ನಿಂತಿದ್ದ ಭಾಗೀರಥಿಯ ಮೇಲೆ ನನಗೆ ಅನುಮಾನವಿತ್ತು. ಜನವರಿಯಲ್ಲಿ ಮೌಸ್ ಹಿಡಿಯಲು ತಡವರಿಸುತ್ತಿದ್ದವಳು ಮಾರ್ಚಿನಲ್ಲಿ, ಕೈ ನಡುಗುವ ತನ್ನ ಅಜ್ಜನಿಗೆಂದು ಚಹಾ ಚೆಲ್ಲದ ಲೋಟ ಮಾಡಿ ತಂದಿದ್ದಳು. ಅದರ ಹಿಡಿಯ ತಿರುವು ನೋಡಿದರೇ ಗೊತ್ತಾಗುತ್ತಿತ್ತು, ಇದು ಪಳಗಿದ ಕೈಯ ಕೆಲಸ.

"ಹಿಡಿ," ಅಂದೆ. ಹಿಡಿದಳು. ಎರಡು ನಿಮಿಷವಾದರೂ ಲೋಟ ತಣ್ಣಗೇ ಇತ್ತು.

"ಯಾರ ಹತ್ರ ಮಾಡಿಸಿದೆ?"

"ಯಾರ ಹತ್ರಾನೂ ಇಲ್ಲ ಮೇಡಂ. ಲ್ಯಾಬಲ್ಲೇ ಮಾಡಿದ್ದು, ನಿಮ್ಮ ಎದುರಿಗೇ."

"ಹೆಸರು ಹೇಳು. ಇಲ್ಲಾಂದ್ರೆ ಫೇಲ್ ಅಂತ ಬರೀತೀನಿ. ಮತ್ತೆ ಈ ಲ್ಯಾಬಿಗೆ ಕಾಲಿಡೋ ಹಾಗಿಲ್ಲ."

ಅವಳು ತಲೆ ತಗ್ಗಿಸಿದಳು. ಹೇಳಲು ಹೆದರುತ್ತಿದ್ದಾಳೆ ಅಂದಮೇಲೆ ಯಾರೋ ಇದ್ದೇ ಇದ್ದಾರೆ! ಸಿಟ್ಟಿನಲ್ಲಿ ಲೋಟವನ್ನು ಅವಳ ಕೈಯಿಂದ ಕಿತ್ತುಕೊಂಡೆ.

ಅದು ಮೊದಲು ಬೆಚ್ಚಗಾಯಿತು. ಆಮೇಲೆ ಆಗಷ್ಟೇ ಚಹಾ ಸುರಿದ ಹಾಗೆ ನನ್ನ ಅಂಗೈ ಸುಡತೊಡಗಿತು.

"ನಾನು ಗೆರೆ ಎಳೆದಾಗೆಲ್ಲ," ಭಾಗೀರಥಿ ಮೆಲ್ಲಗೆ ಅಂದಳು, "'ಹಾಗಲ್ಲ, ಕೊಡಿಲ್ಲಿ' ಅಂತ ಮೌಸ್ ತಗೊಳ್ತಿದ್ರಲ್ಲ ಮೇಡಂ."

ಅವಳ ಹಿಂದೆ ನಿಂತಿದ್ದ ಇಪ್ಪತ್ತೆರಡು ಮಂದಿಯೂ ತಮ್ಮ ತಮ್ಮ ವಸ್ತುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.