ಗೋಣಿಚೀಲ

ಲಾಯದ ಬಾಗಿಲು ತೆರೆದ ಕೂಡಲೇ ಭತ್ತದ ಹುಲ್ಲಿನ ಧೂಳು ಡಾಕ್ಟರ್ ಅಮರೇಶ್ವರಿಯ ಗಂಟಲು ಹಿಡಿಯಿತು. ಗೊರೇಬಾಳದ ಅಂಬಪ್ಪ ಮದುವೆ ಮೆರವಣಿಗೆಗಳಿಗೆ ಬಾಡಿಗೆಗೆ ಕೊಡುವ ಕುದುರೆ ಹೊಳ್ಳೆ ಅರಳಿಸಿ ನಿಂತಿತ್ತು. ಉಸಿರು ಬಿಟ್ಟಾಗೊಮ್ಮೆ ಪಕ್ಕೆಲುಬಿನ ಕೆಳಗೊಂದು ಗೆರೆ ಎದ್ದು ಕಾಣುತ್ತಿತ್ತು.

ಉಬ್ಬಸದ ಸಂಶೋಧನೆಗೆ ಅವಳು ಆರಿಸಿದ್ದ ಕುದುರೆಗಳಲ್ಲಿ ಅರ್ಧ ಧೂಳಿಲ್ಲದ ಬಯಲಿಗೆ ಹೋಗಿದ್ದವು. ಉಳಿದವು ಹೋಲಿಕೆಗಾಗಿ ಮೂರು ವಾರ ಇದ್ದ ಲಾಯದಲ್ಲೇ, ಇದ್ದಂತೆಯೇ ಇರಬೇಕಿತ್ತು. ಇದು ಅವುಗಳಲ್ಲೊಂದು.

"ಕಿಟಕಿಗ್ಯಾಕ ಗೋಣಿಚೀಲ ತುರುಕೀರಿ?" ಎಂದು ಅವಳು ಅಂಬಪ್ಪನನ್ನು ಕೇಳಿದಳು.

"ಕಾಲುವಿ ಸೊಳ್ಳಿಗೆ ರೀ, ಮೊದಲಿಂದೂ ಐತಿ. ತೆಗೀಬೇಕಂತಿದ್ದೆ. ನೀವು ಏನೂ ಬದಲು ಮಾಡಬ್ಯಾಡ್ರಿ ಅಂದಿದ್ರಲ್ಲ, ಹಂಗ ಬಿಟ್ಟೀನಿ. ನಿಮ್ಮ ಇಲಾಜಿನ್ಯಾಗ ನಾ ಯಾಕ ಕೈ ಹಾಕಲಿ?"

ಇಲಾಜು! ಅವಳು ಒಂದು ಹನಿ ಔಷಧವನ್ನೂ ಕೊಟ್ಟಿರಲಿಲ್ಲ. ವಾರಕ್ಕೊಮ್ಮೆ ಮೂಗಿನಲ್ಲಿ ಕೊಳವೆ ಇಳಿಸಿ ಕಫ ತೆಗೆದುಕೊಂಡು ಹೋಗಿದ್ದಳು, ಅಷ್ಟೇ.

ಅಮರೇಶ್ವರಿ ಗೋಣಿಚೀಲದ ತುದಿ ಹಿಡಿದು ಎಳೆದಳು. ಬೆರಳಗಲದ ಸಂದಿಯಿಂದ ಗಾಳಿ ಬಂತು. ಕುದುರೆ ಕತ್ತು ಚಾಚಿ ಮೂಗನ್ನು ಅಲ್ಲಿಗೇ ತಂದಿತು. ಅವಳ ಕೈ ಅಷ್ಟಕ್ಕೇ ನಿಂತಿತು.

"ಮೂರು ವಾರ ಮುಗಿಯಾಕ ಇನ್ನ ನಾಕ ದಿನ ಐತಿ, ಅಂಬಪ್ಪಾರ."

"ಆಯ್ತು ರೀ," ಎಂದು ಅಂಬಪ್ಪ ಕುದುರೆಯ ಮುಖವನ್ನು ಮೆಲ್ಲಗೆ ಸರಿಸಿ, ಆ ಸಂದಿಯನ್ನು ಮತ್ತೆ ಬಿಗಿಯಾಗಿ ಮುಚ್ಚಿದ.