ಧಾರೆ ಸೀರೆಯ ಫಾಲ್

ಮದುವೆಯಾಗಿ ನಾಲ್ಕು ತಿಂಗಳಿಗೆ ತವರಿಗೆ ಬಂದ ಮಾಲಿನಿಗೆ ಅಮ್ಮ ಕೈಹೊಲಿಗೆ ಕಲಿಸಲು ಕೂತಳು. ಮೊದಲು ಗುಂಡಿ, ಆಮೇಲೆ ಲಂಗದ ಅಂಚು. ಮೂರನೇ ದಿನ ರೇಷ್ಮೆಯ ತುಂಡೊಂದನ್ನು ಕೈಗಿಟ್ಟು ಎಚ್ಚರಿಸಿದಳು.

"ಹತ್ತಿ ಬಟ್ಟೆ ಒಗೆದರೆ ಸೂಜಿ ತೂತು ಮುಚ್ಚಿಕೊಳ್ಳುತ್ತೆ. ರೇಷ್ಮೆ ಹಾಗಲ್ಲ ಕಣೇ, ಒಮ್ಮೆ ಚುಚ್ಚಿದ್ದು ಹಾಗೇ ಉಳಿಯುತ್ತೆ."

"ನನ್ನ ಧಾರೆ ಸೀರೆ ಫಾಲ್ ಒಂದು ಕಡೆ ಬಿಟ್ಟಿದೆ. ನಾನೇ ಹಾಕ್ಲಾ?"

"ಅದನ್ನ ಮುಟ್ಟಬೇಡ. ನಾನು ಹಾಕಿಕೊಡ್ತೀನಿ."

ಅಮ್ಮ ಸ್ನಾನಕ್ಕೆ ಹೋದದ್ದೇ ತಡ, ಮಾಲಿನಿ ಸೀರೆ ಹರವಿಕೊಂಡಳು. ಹೊಸದಾಗಿ ನೇಯಿಸಿದ್ದು ಅಂತ ಹೇಳಿ ಗಂಡಿನ ಕಡೆಯವರು ಮದುವೆಗೆ ವಾರ ಮೊದಲು ಕಳಿಸಿದ ಸೀರೆ. ಫಾಲನ್ನು ಪೂರಾ ಬಿಚ್ಚಿದರೆ, ಅದರ ಅಡಿಯಲ್ಲಿ ಇನ್ನೊಂದು ಸಾಲು ಹಳೇ ತೂತು. ಪಕ್ಕದಲ್ಲೇ ತೊಳೆದರೂ ಹೋಗದ ಅರಿಶಿನದ ಕಲೆ. ಮಂಟಪದಲ್ಲಿ ಅವರ ಕಡೆಯ ಅಜ್ಜಿಯೊಬ್ಬಳು ಅಕ್ಷತೆ ಹಾಕುತ್ತಾ "ಇವಳಾದ್ರೂ ನಿಲ್ಲಲಿ" ಅಂದಿದ್ದು ಈಗ ಅರ್ಥವಾಯಿತು.

ಅಮ್ಮ ತಲೆ ಒರೆಸಿಕೊಳ್ಳುತ್ತಾ ಬಂದಾಗ ಮಾಲಿನಿ ಸೀರೆಯ ಅಂಚನ್ನು ಎತ್ತಿ ತೋರಿಸಿದಳು.

"ಅಮ್ಮಾ, ನಮಗೆ ಮೋಸ ಮಾಡಿಬಿಟ್ರು! ಇದನ್ನ ಉಟ್ಟು ಇನ್ಯಾರೋ ಧಾರೆಗೆ ಕೂತಿದ್ದಾಳೆ. ನನ್ನ ಗಂಡನಿಗಿದು ಎರಡನೇ ಮದುವೆ. ಅಪ್ಪನ್ನ ಕರಿ."

ಅಮ್ಮ ಬಾಗಿಲು ಹಾಕಿ ಬಂದಳು. ಸೀರೆಯನ್ನು ಮಡಿಲಿಗೆ ಎಳೆದುಕೊಂಡು ಸೂಜಿಗೆ ದಾರ ಪೋಣಿಸಿದಳು.

"ಕೂಗಬೇಡ. ಆ ತೂತು ಮುಚ್ಚಲಿ ಅಂತಲೇ ನಾನು ಅಗಲದ ಫಾಲ್ ತಂದು ಹೊಲಿದಿದ್ದು."